ಹದಿನೆಂಟನೆಯ ಅಂಗಡಿಯ ತೂಕ

ಪ್ರೀತಿಯ ಇನ್‌ಸ್ಪೆಕ್ಟರ್ ಮರಿಗೆ,

ಮೊದಲು ಖರ್ಚು ಬರೆದುಬಿಡುತ್ತೇನೆ, ಮಾತು ಆಮೇಲೆ. ನಿಮ್ಮ ಏಳನೇ ತರಗತಿಯ ತಕ್ಕಡಿ ಪ್ರಾಜೆಕ್ಟಿಗೆ ತಗುಲಿದ್ದು: ನಿಮ್ಮ ಐದು ಜನರ ಮೂರು ವಾರ, ನನ್ನ ಒಂಬತ್ತು ಮಧ್ಯಾಹ್ನ, ನಿಮ್ಮ ವಿಜ್ಞಾನದ ಟೀಚರ ಗಂಟಲು, ನನ್ನ ನಾಲ್ಕು ಹಳೆಯ ಗಿರಾಕಿಗಳು, ಮತ್ತು ಶಾಲೆಯಿಂದ ಮನೆಗೆ ಹೋಗುವಾಗ ನೀನು ನನ್ನ ರಿಪೇರಿ ಅಂಗಡಿಗೆ ಇಣುಕುತ್ತಿದ್ದದ್ದು. ಎರಡು ವಾರದಿಂದ ನೀನು ರಸ್ತೆಯ ಆಚೆ ಬದಿಯಲ್ಲಿ ಹೋಗುತ್ತಿದ್ದೀಯ. ನೋಡಿಯೂ ನೋಡದವನಂತೆ ಸ್ಕ್ರೂ ತಿರುಗಿಸುತ್ತಾ ಕೂತಿರುತ್ತೇನೆ. ಸಾಕಾಗಿದೆ ಮರಿ.

ನಿಮ್ಮ ಟೀಚರ್ ನನ್ನನ್ನು ಕರೆಯಲು ಬಂದ ದಿನ ನಾನು ನಕ್ಕಿದ್ದೆ. “ಪ್ರಶ್ನೆ ಮಕ್ಕಳೇ ಹುಡುಕ್ಕೊಂಡಿದ್ದಾರೆ. ಉತ್ತರ ಗೊತ್ತಿರೋರು ಪುಸ್ತಕದಲ್ಲಲ್ಲ, ಬೀದಿಯಲ್ಲಿದ್ದಾರೆ. ನೀವು ಬರಲೇಬೇಕು” ಎಂದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಕುರ್ಚಿ ಹಾಕಿ, ಅದರ ಬೆನ್ನಿಗೆ ‘ಪರಿಣತರು’ ಎಂದು ಚೀಟಿ ಅಂಟಿಸಿದ್ದಿರಿ. ಆ ಕುರ್ಚಿಯಲ್ಲಿ ಕೂತ ಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ತಟ್ಟೆಯ ನಡುವೆ ಇಟ್ಟು ನೋಡಿ, ನಾಲ್ಕು ಮೂಲೆಗೂ ಇಟ್ಟು ನೋಡಿ, ಮೂರು ಸಲ ಬರೆದುಕೊಳ್ಳಿ ಎಂದೆಲ್ಲ ಹೇಳಿಕೊಟ್ಟೆ. ಇಡುವ ತೂಕದ ಕಲ್ಲು ಯಾವುದು ಎಂದು ಮಾತ್ರ ಕೇಳಲಿಲ್ಲ. ಅದು ನನ್ನ ಮೊದಲ ತಪ್ಪು.

ಹದಿನೆಂಟು ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಪರೀಕ್ಷಿಸಿ ಬಂದಿರಿ. ಒಂದು ಕಿಲೋ ಕಲ್ಲಿಗೆ ಹದಿನೇಳು ತಕ್ಕಡಿಗಳು ಹನ್ನೆರಡು ಗ್ರಾಂ ಹೆಚ್ಚು ತೋರಿಸಿದವು. ಹೆಚ್ಚು ತೋರಿಸಿದರೆ ಗಿರಾಕಿಗೆ ಅಷ್ಟು ಕಡಿಮೆ ಸಾಮಾನು. ಹದಿನೆಂಟನೆಯದು, ನನ್ನ ಅಕ್ಕನ ದಿನಸಿ ಅಂಗಡಿಯದು, ಸರಿಯಾಗಿ ಒಂದು ಕಿಲೋ ತೋರಿಸಿತು. ನನಗೆ ತೋರಿಸುವ ಮೊದಲೇ ನೀವು ಪಟ್ಟಿಯನ್ನು ಶಾಲೆಯ ಗೇಟಿಗೆ ಅಂಟಿಸಿದಿರಿ. ಹದಿನೇಳರ ಮುಂದೆ ಕೆಂಪು ಅಕ್ಷರದಲ್ಲಿ ‘ಮೋಸ’, ಅಕ್ಕನ ಅಂಗಡಿಯ ಮುಂದೆ ಹಸಿರಿನಲ್ಲಿ ‘ಸರಿ’. ಬೀದಿ ಹೊತ್ತಿಕೊಂಡಿತು.

ಪಟ್ಟಿ ನೋಡಿದ ಕೂಡಲೇ ನನಗೆ ಅನುಮಾನ ಬಂತು. ಹದಿನೇಳು ಕಳ್ಳರು ಒಂದೇ ಅಳತೆಗೆ ಕದ್ದದ್ದನ್ನು ನನ್ನ ಜನ್ಮದಲ್ಲಿ ನೋಡಿಲ್ಲ. ನಿನಗೆ ಹೇಳಿದರೆ ನೀನು ಸೊಂಟಕ್ಕೆ ಕೈ ಇಟ್ಟು ನಿಂತೆ. “ಎಲ್ಲಾ ಸೇರಿ ಮಾತಾಡ್ಕೊಂಡಿರ್ತಾರೆ ಮಾಮ. ನೀವು ಅವರ ಕಡೆ, ಅವರ ತಕ್ಕಡಿ ರಿಪೇರಿ ಮಾಡ್ತೀರಲ್ಲ.” “ಅವರು ಅಂಗಡಿ ಬಾಗಿಲು ಎಷ್ಟೊತ್ತಿಗೆ ಹಾಕಬೇಕು ಅಂತಾನೇ ಒಂದು ಮಾತಿಗೆ ಬರಲ್ಲ ತಾಯಿ, ಕದಿಯೋಕೆ ಬರ್ತಾರಾ?” ಎಂದೆ ನಾನು. ನೀನು ನಗಲಿಲ್ಲ. “ತೋರ್ಸಿ” ಎಂದೆ, ಅಷ್ಟೇ.

ತೋರಿಸಿದೆ. ನನ್ನ ಹಳೆಯ ಎರಡು ತಟ್ಟೆಯ ತಕ್ಕಡಿಯಲ್ಲಿ ಒಂದು ಕಡೆ ಸರ್ಕಾರಿ ಮುದ್ರೆ ಒತ್ತಿದ ನನ್ನ ಕಲ್ಲು, ಇನ್ನೊಂದು ಕಡೆ ನಿಮ್ಮ ಶಾಲೆಯ ಕಬ್ಬಿಣದ ಕಲ್ಲು. ನಿಮ್ಮದು ಕೆಳಗಿಳಿಯಿತು. ಬ್ಲೇಡಿನಲ್ಲಿ ಕೆರೆದೆವು. ಬೂದಿ ಬಣ್ಣ, ಅದರಡಿ ಹಸಿರು, ಅದರಡಿ ನೀಲಿ, ಮತ್ತೆ ಬೂದಿ. ವರ್ಷ ವರ್ಷ ತಪಾಸಣೆಗೆ ಮುಂಚೆ ನಿಮ್ಮ ಅಟೆಂಡರ್ ಅಣ್ಣ ಬೆಂಚು ಕಿಟಕಿಗೆ ಬಳಿದು ಉಳಿದ ಬಣ್ಣವನ್ನು ಲ್ಯಾಬಿನ ಕಲ್ಲಿಗೂ ಬಳಿದಿದ್ದ. ಪಾಪ, ಶ್ರದ್ಧೆಯ ಮನುಷ್ಯ. ಹನ್ನೆರಡು ಗ್ರಾಂ ಶ್ರದ್ಧೆ.

ಇನ್ನು ನೀನು ಹದಿನೇಳು ಜನರ ಮುಂದೆ ಹೋಗಿ ಕ್ಷಮೆ ಕೇಳಬೇಕಲ್ಲ! ಆದರೂ ನಿನ್ನ ಲೆಕ್ಕ ನಿಲ್ಲಲಿಲ್ಲ. ಸ್ವಲ್ಪ ಹೊತ್ತು ಬೆರಳು ಮಡಿಸಿ, “ಹಾಗಾದ್ರೆ ಸರಿ ಅಂತ ಬರೆದಿದ್ದೊಂದೇ ತಪ್ಪು, ಅಲ್ವಾ ಮಾಮ? ಜಾಸ್ತಿ ಇರೋ ಕಲ್ಲನ್ನ ಸರಿ ಅಂತ ತೋರಿಸ್ತಲ್ಲ” ಎಂದೆ.

ಅದು ಆ ಕ್ಷಣವೇ ನನಗೂ ಹೊಳೆದಿತ್ತು. ಆರು ವರ್ಷದ ಹಿಂದೆ ಅಕ್ಕನ ತಕ್ಕಡಿಯನ್ನು ಕೂಡಿಸಿಕೊಟ್ಟವನು ನಾನೇ. ಮನೆಯವರ ಕೆಲಸ ತಾನೇ ಎಂದು ಮುದ್ರೆಯ ಕಲ್ಲು ತರದೆ, ಅಲ್ಲೇ ಇದ್ದ ಒಂದು ಕಿಲೋ ಸಕ್ಕರೆ ಪೊಟ್ಟಣ ಇಟ್ಟು, ಇದೇ ಒಂದು ಕಿಲೋ ಎಂದು ತಕ್ಕಡಿಗೆ ಪಾಠ ಹೇಳಿದ್ದೆ. ಒಳಗಿನ ಸಕ್ಕರೆ ಒಂದು ಕಿಲೋ. ಮೇಲಿನ ದಪ್ಪ ಕಾಗದದ ತೂಕವನ್ನು ಮರೆತೆ. ಅಂದಿನಿಂದ ಅಕ್ಕ ಪ್ರತಿ ಕಿಲೋಗೂ ಹನ್ನೆರಡು ಗ್ರಾಂ ಬಿಟ್ಟಿ ಕೊಡುತ್ತಾ ಬಂದಳು. ವರ್ಷದ ಕೊನೆಗೆ ದಾಸ್ತಾನು ಕಡಿಮೆ ಬಂದಾಗಲೆಲ್ಲ ಭಾವನನ್ನು ಹಿಡಿದು ಝಾಡಿಸುತ್ತಿದ್ದಳು. “ಯಾರಿಗೆ ಸಾಗಿಸ್ತಿದ್ದೀರಿ?” ಎಂಬ ಮಾತು ಕೇಳಿ ಕೇಳಿ ಭಾವ ಅಂಗಡಿಯೊಳಗೆ ಕಾಲಿಡುವುದನ್ನೇ ಬಿಟ್ಟಿದ್ದ.

ನಾನು ನಿನಗೆ ಹೇಳಿದ್ದು ಇಷ್ಟು: “ಆ ಒಂದು ಸಾಲು ಬಿಟ್ಬಿಡು ಮರಿ, ಮನೆ ವಿಷಯ.” ನೀನು ಶಾಲೆಯ ಕಲ್ಲನ್ನು ಎತ್ತಿಕೊಂಡು ಹೊರಟೆ.

ಶನಿವಾರ ಶಾಲೆಯಲ್ಲಿ ಸಭೆ. ಚಿಕ್ಕ ಬೆಂಚುಗಳಲ್ಲಿ ಅಂಗಡಿಯವರು ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದರು. ನೀನು ಒಂದೊಂದೇ ಹೆಸರು ಓದಿ ಹದಿನೇಳು ಸಲ ಕ್ಷಮೆ ಕೇಳಿದೆ. ಮೊಳೆ ಅಂಗಡಿಯವನು, “ಮೊದಲು ಮೂಗು ಒರೆಸ್ಕೊಳ್ಳಮ್ಮ, ಆಮೇಲೆ ನಮ್ಮನ್ನ ತೂಗು” ಎಂದ, ಎಲ್ಲರೂ ನಕ್ಕರು. ನೀನು ನಿಂತೇ ಇದ್ದೆ. ಕೊನೆಗೆ, “ಹದಿನೆಂಟನೇ ಅಂಗಡಿ ಬಗ್ಗೆ ನಮ್ಮ ಪರಿಣತರು ಹೇಳ್ತಾರೆ” ಎಂದು ನನ್ನ ಕಡೆ ತಿರುಗಿದೆ.

ನಾನು ಎದ್ದು, “ಅದು ಸರಿಯಾಗೇ ಇದೆ” ಎಂದು ಕೂತೆ.

ಹದಿನೆಂಟರಲ್ಲಿ ನಿಜವಾಗಿ ಕೆಟ್ಟಿದ್ದ ಒಂದೇ ಒಂದು ತಕ್ಕಡಿಯನ್ನು ನೀನು ಹಿಡಿದಿದ್ದೆ. ಅದನ್ನು ನಾನು ಎಲ್ಲರೆದುರು ನುಂಗಿದೆ. ಮಕ್ಕಳ ಕೆಲಸವೆಲ್ಲ ಬರೀ ತಪ್ಪು ಎಂದಾಯಿತು. ಇನ್ನು ಮುಂದೆ ಪ್ರಾಜೆಕ್ಟುಗಳು ತರಗತಿಯ ಒಳಗೇ ನಡೆಯಲಿ, ಹೊರಗಿನವರು ಬೇಡ ಎಂದು ಮುಖ್ಯೋಪಾಧ್ಯಾಯರು ಹೇಳಿಬಿಟ್ಟರು. ಬಸ್ ನಿಲ್ದಾಣದ ಲೆಕ್ಕ ತೆಗೆಯಬೇಕಿದ್ದ ಪಕ್ಕದ ಗುಂಪೂ ಕೈ ಕಟ್ಟಿ ಕೂತಿತು. ನೀನು ಮುಂದಿನ ಯಾವ ಗುಂಪಿಗೂ ಹೆಸರು ಕೊಟ್ಟಿಲ್ಲವಂತೆ; ನಿಮ್ಮ ಟೀಚರ್ ಹೇಳಿದರು. ನನ್ನನ್ನು ಬೈಯಲೂ ಅವರಿಗೆ ಶಕ್ತಿ ಉಳಿದಿರಲಿಲ್ಲ.

ನಿನ್ನೆ ಅಕ್ಕನ ಅಂಗಡಿಗೆ ಹೋಗಿ ಹೇಳಿದೆ. ಅವಳು ಸಕ್ಕರೆ ಕಟ್ಟುತ್ತಿದ್ದ ಕೈ ನಿಲ್ಲಿಸಿ, “ಆರು ವರ್ಷ ಅವರನ್ನ ಬೈದೆ ಕಣೋ” ಎಂದಳು. ಆಮೇಲೆ ಒಳಗೆ ಕೂಗಿದಳು, “ರೀ, ಸ್ವಲ್ಪ ಅಂಗಡೀಲಿ ಕೂತ್ಕೊಳ್ಳಿ.” ಭಾವ ಬಂದು ಕೂತ. “ಪರವಾಗಿಲ್ಲ ಬಿಡು, ಬೈಸ್ಕೊಂಡು ಅಭ್ಯಾಸ ಆಗಿತ್ತು” ಎಂದ. ಅವನ ಮುಖ ನೋಡಲು ನನಗೆ ಆಗಲಿಲ್ಲ.

ನಾಳೆ ಮುಖ್ಯೋಪಾಧ್ಯಾಯರ ಬಳಿ ನಾನೇ ಹೋಗುತ್ತೇನೆ. ಅವರು ಮನಸ್ಸು ಬದಲಿಸುತ್ತಾರೋ ಇಲ್ಲವೋ ಹೇಳಲಾರೆ. ನೀನು ಈ ಕಾಗದವನ್ನು ಗೇಟಿಗೆ ಅಂಟಿಸು. ಕೆಳಗೆ ನನ್ನ ಸಹಿ, ಅಂಗಡಿಯ ಮೊಹರು ಎರಡೂ ಇವೆ. ನನ್ನನ್ನು ಕ್ಷಮಿಸದಿದ್ದರೂ ಚಿಂತೆಯಿಲ್ಲ, ಪ್ರಶ್ನೆ ಕೇಳುವುದನ್ನು ಬಿಡಬೇಡ. ದೊಡ್ಡವರು ಎಷ್ಟೇ ದೊಡ್ಡ ಕುರ್ಚಿಯಲ್ಲಿ ಕೂತಿರಲಿ, ನಿನ್ನ ದನಿ ಗಟ್ಟಿಯಾಗಿರಲಿ. ನೂರು ಕಾಲ ಚೆನ್ನಾಗಿರು.

ಯಾರಿಗೆ ಏನು ಸಿಕ್ಕಿತು ಎಂಬುದನ್ನೂ ಬರೆದುಬಿಡುತ್ತೇನೆ. ಹದಿನೇಳು ಅಂಗಡಿಯವರಿಗೆ ತಲಾ ಒಂದು ಕ್ಷಮಾಪಣೆ. ಅಕ್ಕನ ಗಿರಾಕಿಗಳಿಗೆ ಆರು ವರ್ಷ, ಕಿಲೋಗೆ ಹನ್ನೆರಡು ಗ್ರಾಂ. ಭಾವನಿಗೆ ಗಲ್ಲಾದ ಹಿಂದಿನ ಜಾಗ. ಟೀಚರಿಗೆ ಸದ್ಯಕ್ಕೆ ಏನೂ ಇಲ್ಲ. ನನಗೆ ಎರಡು ತಪ್ಪು, ಒಂದು ಸುಳ್ಳು. ನಿನಗೆ ಹದಿನೆಂಟರಲ್ಲಿ ಒಂದು, ಅದು ಸರಿ.

ಇಂತಿ,
ತಕ್ಕಡಿ ರಿಪೇರಿಯವನು