ಎಡಮೂಲೆಯ ಮೂರು ತೂತು

ಪ್ಯಾಕಿಂಗ್ ಶೆಡ್ಡಿನ ಊಟದ ಕೋಣೆ,
ಶುಕ್ರವಾರ, ಹನ್ನೊಂದನೇ ತಾರೀಕು

ಪ್ರೀತಿಯ ಅಣ್ಣಾ,

ನೀನೂ ಅತ್ತಿಗೆಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಅತ್ತಿಗೆಯ ಕೆಮ್ಮು ಕಡಿಮೆಯಾಯಿತೇ? ಫೋನ್ ಮಾಡಿ ಕೇಳೋಣವೆಂದರೆ ಮೂರು ದಿನದಿಂದ ನೀನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಹಾಗೆ ಬರೆಯಲು ಮನಸ್ಸು ಬರುತ್ತಿಲ್ಲ.

ಅಪ್ಪನ ಎಡಮಂಡಿ ಪೂರ್ತಿ ಕೈಕೊಟ್ಟಿದೆ. ಮೂವತ್ತು ವರ್ಷ ಬಸ್ಸಿನ ಕ್ಲಚ್ ತುಳಿದ ಕಾಲು, ಅದಾದರೂ ಎಷ್ಟು ತಡೆದೀತು. ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಅಪ್ಪ ಗಾಬರಿಯಾಗಲಿಲ್ಲ. "ದುಡ್ಡಿನ ಚಿಂತೆ ಬಿಡಮ್ಮ, ನನ್ನ ಹತ್ರ ಇದೆ" ಎಂದು ನಕ್ಕು, ಮನೆಗೆ ಬಂದವರೇ ತಮ್ಮ ಬೀರು ತೆಗೆದರು. ಅವರ ಬಟ್ಟೆಗಳೆಲ್ಲ ಎರಡು ವರ್ಷದಿಂದ ಕುರ್ಚಿಯ ಮೇಲೇಕೆ ರಾಶಿ ಬಿದ್ದಿರುತ್ತವೆ ಎಂದು ನನಗೆ ತಿಳಿದದ್ದು ಆಗ. ಬೀರುವಿನ ತುಂಬ ಕರಿಬಟ್ಟೆ ಸುತ್ತಿದ ಆಟಿಕೆ ಕಾರಿನ ಡಬ್ಬಿಗಳು, ಒಟ್ಟು ಹದಿನಾಲ್ಕು. ನಿವೃತ್ತಿಯಾದಾಗ ಬಂದ ಹಣವನ್ನೆಲ್ಲ ನಿನ್ನ ಕೈಗೆ ಕೊಟ್ಟು ತರಿಸಿದ್ದಂತೆ. ಬೆಳಕು ತಾಗಿದರೆ ಬಣ್ಣ ಹೋಗುತ್ತದೆ, ತೆರೆಯಲೇಬಾರದು, ತೆರೆಯದೆ ಇಟ್ಟಷ್ಟೂ ಬೆಲೆ ಏರುತ್ತದೆ, ಇದೆಲ್ಲ ನಿನ್ನ ಉಪದೇಶ. ನನಗೆ ಹೇಳಬೇಡಿ, ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದೂ ಹೇಳಿದ್ದೆಯಂತೆ. ಆಟಿಕೆ ಕಾರು ಎಂದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೊಳೆದದ್ದು ಒಂದೇ, ನನ್ನ ಮಗಳು ಒಮ್ಮೆ ಆ ಬೀರುವಿಗೆ ಕೈ ಹಾಕಿದಾಗ ಎಂದೂ ಗದರದ ಅಜ್ಜ ಯಾಕೆ ಹಾಗೆ ಗದರಿದರು ಎಂಬುದು.

ಮಂಗಳವಾರ ಸುತ್ತಿದ ಕರಿಬಟ್ಟೆ ಬಿಚ್ಚದೆಯೇ ಒಂದು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಪ್ಪ ಆಟೋದಲ್ಲಿ ಕೂತರು. ಹಳೆ ಆಟಿಕೆ ಕೊಳ್ಳುವ ಅಂಗಡಿಗೆ ಹೋದೆವು. ಅಂಗಡಿಯವನು ಒಳ್ಳೆಯ ಮನುಷ್ಯ. "ಯಜಮಾನ್ರೇ, ಪಟ್ಟಿಯಲ್ಲಿ ಬರೆಯೋ ಬೆಲೆ ಬೇರೆ, ಕೊಳ್ಳೋನು ಬಂದು ಕೊಡೋ ಬೆಲೆ ಬೇರೆ. ಇದೇ ಕಾರನ್ನ ಕಂಪನಿಯವರು ಹೋದ ವರ್ಷ ಮತ್ತೆ ಮಾಡಿ ಬಿಟ್ಟಿದ್ದಾರೆ, ಹಳೇದನ್ನ ಈಗ ಕೇಳೋರೇ ಕಡಿಮೆ" ಎಂದ. ಅಷ್ಟೇ ಆಗಿದ್ದರೆ ನಮ್ಮ ಅದೃಷ್ಟ ಕೆಟ್ಟಿತು ಎಂದುಕೊಂಡು ಎದ್ದು ಬರಬಹುದಿತ್ತು. ಆಮೇಲೆ ಅವನು ಭೂತಗನ್ನಡಿ ಹಿಡಿದು ಡಬ್ಬಿಯನ್ನು ತಿರುಗಿಸಿದ. "ಇದು ಒಮ್ಮೆ ತೆರೆದ ಡಬ್ಬಿ. ಮೇಲಿನ ಪ್ಲಾಸ್ಟಿಕ್ ಹೊಸದು, ಯಾರೋ ಮತ್ತೆ ಸುತ್ತಿದ್ದಾರೆ. ಇಲ್ಲಿ ನೋಡಿ, ಸೂಜಿ ತೂತು" ಎಂದ. ಕೆಳಗಿನ ಎಡಮೂಲೆಯಲ್ಲಿ ಒಂದರ ಪಕ್ಕ ಒಂದು, ಮೂರು ತೂತು.

ಅಣ್ಣಾ, ನಮ್ಮ ಶೆಡ್ಡಿನಲ್ಲಿ ಡಬ್ಬಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಬಿಸಿ ಮೆಷಿನ್ನಿಗೆ ಬಿಡುವ ಮೊದಲು ಒಳಗಿನ ಗಾಳಿ ಹೋಗಲೆಂದು ಸೂಜಿಯಿಂದ ಚುಚ್ಚುತ್ತೇವೆ. ಎಲ್ಲರೂ ಬಲಗಡೆ ಒಂದು ಚುಚ್ಚುತ್ತಾರೆ. ಎಡಮೂಲೆಯಲ್ಲಿ ಮೂರು ಚುಚ್ಚುವವಳು ಇಲ್ಲಿ ಈ ನಿನ್ನ ಎಡಚಿ ತಂಗಿ ಒಬ್ಬಳೇ. ಮೇಸ್ತ್ರಿ ಎಷ್ಟು ಬೈದರೂ ಆ ಅಭ್ಯಾಸ ಹೋಗಿಲ್ಲ. ಎರಡು ವರ್ಷದ ಹಿಂದೆ ಊಟದ ಬಿಡುವಿನಲ್ಲಿ ನೀನು ಚೀಲದ ತುಂಬ ಆಟಿಕೆ ಕಾರಿನ ಡಬ್ಬಿ ಹಿಡಿದು ಬಂದದ್ದು ನೆನಪಿದೆಯೇ? "ಸ್ನೇಹಿತನ ಅಂಗಡೀದು, ಧೂಳು ಕೂರದ ಹಾಗೆ ಸುತ್ತಿಕೊಡೇ" ಎಂದಿದ್ದೆ. ಅರ್ಧ ಊಟಕ್ಕೆ ಎದ್ದು ಹದಿನಾಲ್ಕನ್ನೂ ಸುತ್ತಿಕೊಟ್ಟೆ. ನಮ್ಮಣ್ಣ ಎಂದು ಎಲ್ಲರಿಗೂ ಪರಿಚಯ ಮಾಡಿಸಿದೆ. "ನಿನ್ನ ಕೈ ಬಂಗಾರ ಕಣೇ" ಎಂದು ಹೊಗಳಿ ಹೋದೆ ನೀನು. ಆ ಒಂದು ಮಾತಿಗೆ ವಾರವೆಲ್ಲ ಬೀಗಿಕೊಂಡು ಓಡಾಡಿದ್ದೆ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಅಪ್ಪನಿಗೆ ಟೋಪಿ ಹಾಕಿದೆ, ಅದನ್ನು ನನ್ನ ಕೈಯಿಂದಲೇ ಹೊಲಿಸಿಕೊಂಡೆ. ಯಾವುದಕ್ಕೆ ಹೆಚ್ಚು ಹೊಟ್ಟೆ ಉರಿಯುತ್ತಿದೆಯೋ ನನಗೇ ಗೊತ್ತಾಗುತ್ತಿಲ್ಲ. ನಿನಗೆ ಹಣ ಬೇಕಿದ್ದರೆ ಬಾಯಿಬಿಟ್ಟು ಕೇಳಬಹುದಿತ್ತಲ್ಲ. ಅವರು ಯಾಕೆ ಏನು ಎಂದು ಕೇಳದೆ ಕೊಡುತ್ತಿದ್ದರು, ನಿನಗೂ ಅದು ಗೊತ್ತು.

ಅಂಗಡಿಯಿಂದ ಹೊರಗೆ ಬಂದು ಅಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹೇಳಿದ್ದು ಇಷ್ಟು: "ಪಾಪ, ಅವನಿಗೂ ಮೋಸ ಆಗಿದೆ ನೋಡು. ನನಗೆ ಒಳ್ಳೇದಾಗ್ಲಿ ಅಂತ ಮಾಡಿದ. ಗೊತ್ತಾದ್ರೆ ಎಷ್ಟು ನೊಂದ್ಕೊಳ್ತಾನೋ." ನಾನು ತುಟಿ ಬಿಚ್ಚಲಿಲ್ಲ, ಇವತ್ತಿನವರೆಗೂ ಬಿಚ್ಚಿಲ್ಲ. ಆ ತೂತು ನನ್ನವು ಎಂದರೆ ಹಿಂದೆಯೇ ನಿನ್ನ ಹೆಸರು ಬರುತ್ತದೆ. ಅದನ್ನು ಅವರು ನನ್ನ ಬಾಯಿಂದ ಕೇಳಬಾರದು.

ಅತ್ತಿಗೆಗೆ ನನ್ನ ನೆನಪು ಹೇಳು, ಅವರಿಗೆ ಇದೇನೂ ಗೊತ್ತಿರಲಾರದು. ನೀನು ದೊಡ್ಡವನು, ನಿನಗೆ ನಮಸ್ಕಾರ ಬರೆಯಬೇಕು. ಬರೆದಿದ್ದೇನೆ ಎಂದುಕೋ.

ನಿನ್ನ ತಂಗಿ

ತಾ.ಕ.: ಇದನ್ನು ಅಂಚೆಗೆ ಹಾಕಲು ಏಳುತ್ತಿದ್ದೆ, ಅಷ್ಟರಲ್ಲಿ ಅಪ್ಪ ಚೀಲ ಹಿಡಿದು ಕುಂಟುತ್ತಾ ಶೆಡ್ಡಿನ ಬಾಗಿಲಿಗೆ ಬಂದಿದ್ದಾರೆ. ಈಗಿನ ಬಸ್ಸಿಗೇ ನಿನ್ನ ಊರಿಗೆ ಹೊರಟಿದ್ದಾರೆ, ನಿನಗೆ ಸಮಾಧಾನ ಹೇಳಲು. ಬೇಡವೆಂದರೆ ಕೇಳುತ್ತಿಲ್ಲ. "ಅವನಿಗೆ ಬರೆದದ್ದಾ? ನನ್ನ ಕೈಲೇ ಕೊಡು, ಸ್ಟಾಂಪ್ ಯಾಕೆ ದಂಡ" ಎಂದು ಕೈ ಚಾಚಿ ನಿಂತಿದ್ದಾರೆ. ಅಂಟಿಸಿ ಕೊಡುತ್ತಿದ್ದೇನೆ. ನೀನು ಇದನ್ನು ಓದುವಾಗ ಅವರು ನಿನ್ನ ಎದುರಿಗೇ ಕೂತಿರುತ್ತಾರೆ. ಏನು ಬರೆದಿದ್ದಾಳೆ ಎಂದು ಕೇಳಿಯೇ ಕೇಳುತ್ತಾರೆ. ನೀನೇ ಹೇಳು.