ದುರ್ಬೀನಿನೊಳಗೆ ಬಾಗಿದ ಗೆರೆ

ಖಾಲಿದಿಯಾ, ಅಬುಧಾಬಿ
ಶುಕ್ರವಾರ, 17 ಅಕ್ಟೋಬರ್ 2014

ಪ್ರೀತಿಯ ತೃಷಾಳ ಪಪ್ಪನಿಗೆ,

ನಿಮ್ಮ ಬೆನ್ನುನೋವು ಈಗ ಹೇಗಿದೆ? ಕಳೆದ ಸಲ ಫೋನಿನಲ್ಲಿ ಪರವಾಗಿಲ್ಲ ಎಂದಿರಿ. ನಿಮ್ಮ ಪರವಾಗಿಲ್ಲ ಎಂದರೆ ಎಷ್ಟು ನೋವು ಎಂಬುದು ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗಿದೆ. ಎಂಜಿನ್ ರೂಮಿನ ಆ ಕಬ್ಬಿಣದ ಏಣಿಯನ್ನು ಹುಡುಗರ ಹಾಗೆ ಹಾರಿ ಹಾರಿ ಇಳಿಯಬೇಡಿ. ನೀರು ಕುಡಿಯಿರಿ, ಬರೀ ಚಹಾ ಅಲ್ಲ. ತೃಷಾ ಮತ್ತೆ ಉದ್ದವಾಗಿದ್ದಾಳೆ, ಶಾಲೆಯ ಯೂನಿಫಾರ್ಮು ಗಿಡ್ಡವಾಗಿದೆ. ನಾನು ತುಳುವಿನಲ್ಲಿ ಬೈದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಜಗಳವೂ ಸರಿಯಾಗಿ ನಡೆಯುವುದಿಲ್ಲ. ಇದನ್ನೆಲ್ಲ ಇ-ಮೇಲಿನಲ್ಲಿ ಬರೆಯಬಹುದಿತ್ತು. ಆದರೆ ಅದು ಕ್ಯಾಪ್ಟನರ ಕಂಪ್ಯೂಟರಿಗೆ ಬಂದು, ಪ್ರಿಂಟಾಗಿ, ನಿಮ್ಮ ಕೈಗೆ ಸೇರುವಷ್ಟರಲ್ಲಿ ಅರ್ಧ ಹಡಗು ಓದಿರುತ್ತದೆ. ನಿಮ್ಮ ಹಡಗಿನ ಏಜೆಂಟರ ಆಫೀಸಿನ ಹಸನಬ್ಬ ಇವತ್ತು ಫುಜೈರಾಕ್ಕೆ ಹೋಗುವವರಿದ್ದಾರೆ. ನಿಮ್ಮ ಹಡಗು ಎಣ್ಣೆ ತುಂಬಿಸಲು ಅಲ್ಲಿ ಹೊರಗೆ ನಿಂತಾಗ, ಸಾಮಾನಿನ ದೋಣಿಯಲ್ಲಿ ಈ ಕಾಗದ ಕಳುಹಿಸಿಕೊಡುತ್ತೇನೆ ಎಂದಿದ್ದಾರೆ. ಅವರು ಬರುವುದರೊಳಗೆ ಮುಗಿಸಬೇಕು. ಬೆಳಿಗ್ಗೆಯಿಂದ ಎರಡು ಸಲ ಬರೆಯಲು ಕೂತು ಎದ್ದಿದ್ದೇನೆ. ಒಮ್ಮೆ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ನಮ್ಮ ಅಂಗಡಿಯ ಒಂದು ಕಥೆ ಹೇಳಬೇಕು. ಉಡುಪಿಯ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದವಳು ಇಲ್ಲಿ ಬೇಟೆ ಸಾಮಾನಿನ ಅಂಗಡಿಯಲ್ಲಿ ಕೋವಿಗಳಿಗೆ ಸ್ಕೋಪು, ಅಂದರೆ ಗುರಿ ನೋಡುವ ದುರ್ಬೀನು, ಕೂರಿಸುತ್ತಾಳೆ ಎಂದರೆ ನಿಮ್ಮ ಅಕ್ಕ ಇನ್ನೂ ನಂಬುವುದಿಲ್ಲವಲ್ಲ. ಈ ಕಥೆಯನ್ನು ಅವರಿಗೆ ಹೇಳಬೇಡಿ. ಹೋದ ವಾರ ಅಬು ರಾಶಿದ್ ಎಂಬ ಹಿರಿಯರು ಬಂದರು. ಬಂದರಿನಲ್ಲಿ ಹಡಗುಗಳನ್ನು ಒಳಗೆ ತರುವ ಪೈಲಟ್ ಆಗಿದ್ದು ನಿವೃತ್ತರಾದವರು. ಪ್ರಾಯದಲ್ಲಿ ಮುಂಬಯಿಗೆ ಹಡಗಿನಲ್ಲಿ ಓಡಾಡಿದ್ದರಿಂದ ಹಿಂದಿ ನನಗಿಂತ ಚಂದ ಮಾತಾಡುತ್ತಾರೆ. ಅವರ ಮಗ ಅಮೆರಿಕದಲ್ಲೇ ನಿಂತುಬಿಟ್ಟಿದ್ದಾನೆ. ಮದುವೆಯ ವಿಷಯಕ್ಕೆ ಅಪ್ಪ ಮಗ ಮಾತು ಬಿಟ್ಟಿದ್ದರಂತೆ. ಈಗ ಅವನೇ ಫೋನು ಮಾಡಿ, ಜಿಂಕೆ ಬೇಟೆಯ ಸೀಸನ್ನಿಗೆ ಬನ್ನಿ, ಇಬ್ಬರೂ ಕಾಡಿಗೆ ಹೋಗುವ ಎಂದಿದ್ದಾನೆ. ಅಲ್ಲಿ ಕೆಲವು ವಾರ ಹಳೇ ರೀತಿಯ ಕೋವಿಗೆ ಮಾತ್ರ ಅನುಮತಿಯಂತೆ, ಅಂದರೆ ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಸರಳಿನಿಂದ ತಳ್ಳಿ ಕೂರಿಸುವ ಕೋವಿ. ನಮ್ಮೂರ ಕಡೆ ಹಂದಿ ಓಡಿಸಲು ಇಟ್ಟುಕೊಳ್ಳುತ್ತಿದ್ದ ಕೇಪಿನ ಕೋವಿಯ ಜಾತಿಯದ್ದೇ, ಇದು ಹೊಸ ಮಾದರಿಯದ್ದು. ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದಿದ್ದರು.

ಅವರು ಕೇಳಿದ್ದು ಅಂಗಡಿಯಲ್ಲಿರುವ ಎಲ್ಲಕ್ಕಿಂತ ದೊಡ್ಡ ಸ್ಕೋಪು. ಪ್ರಾಯವಾಗಿದೆ, ದೂರದ್ದು ಹತ್ತಿರ ಕಾಣಬೇಕು, ಮಗನೆದುರು ಗುರಿ ತಪ್ಪಬಾರದು. ನಾನು ಬೇಡವೆಂದೆ. ಈ ಕೋವಿಯ ಗುಂಡು ಬೇಗ ಕೆಳಗಿಳಿಯುತ್ತದೆ, ತೀರ ದೂರಕ್ಕೆ ಹೊಡೆಯುವಂಥದ್ದಲ್ಲ, ಹಾಗಾಗಿ ಅಷ್ಟು ದೊಡ್ಡದು ಮಾಡಿ ತೋರಿಸುವ ಗಾಜು ಬೇಕಾಗುವುದಿಲ್ಲ. ದೊಡ್ಡದು ಮಾಡಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ, ಮರಗಳ ನಡುವೆ ಜಿಂಕೆಯನ್ನು ಹುಡುಕುವುದರಲ್ಲೇ ಅದು ಹೋಗಿಬಿಡುತ್ತದೆ. ಎಲ್ಲಕ್ಕಿಂತ ಮುಖ್ಯ, ಈ ಕೋವಿ ಭುಜಕ್ಕೆ ಜೋರಾಗಿ ಒದೆಯುತ್ತದೆ. ಕಣ್ಣನ್ನು ಗಾಜಿಗೆ ಹತ್ತಿರ ಇಟ್ಟು ನೋಡಬೇಕಾದ ಸ್ಕೋಪು ಹಾಕಿದರೆ ಅದರ ಅಂಚು ಬಂದು ಹುಬ್ಬಿಗೆ ಬಡಿಯುತ್ತದೆ. ಕಣ್ಣು ದೂರವಿದ್ದರೂ ಪೂರ್ತಿ ಕಾಣುವ, ಕಡಿಮೆ ಶಕ್ತಿಯ, ಒದೆತ ತಾಳುವ ಗಟ್ಟಿ ಸ್ಕೋಪು ಬೇಕು. ಅವರಿಗೆ ಎರಡನ್ನೂ ಹಿಡಿದು ನೋಡಲು ಕೊಟ್ಟೆ. ದೊಡ್ಡದರಲ್ಲಿ ತಲೆ ಸ್ವಲ್ಪ ಹಿಂದೆ ಸರಿದರೆ ಕತ್ತಲು. ಚಿಕ್ಕದರಲ್ಲಿ ರಸ್ತೆಯಾಚೆಯ ಖರ್ಜೂರದ ಮರ ಹಾಗೇ ನಿಂತಿತ್ತು. "ಖಲಾಸ್, ಇದೇ ಆಗಲಿ ಬೇಟಿ" ಎಂದರು.

ಆ ಮಧ್ಯಾಹ್ನವೇ ಕೂರಿಸಲು ಶುರು ಮಾಡಿದೆ. ನಾನು ಹೇಗೆ ಮಾಡುತ್ತೇನೆಂದು ನಿಮಗೆ ಒಮ್ಮೆ ತೋರಿಸಿದ್ದೆ. ಕೋವಿಯನ್ನು ಮರದ ತೊಟ್ಟಿಲಿನಲ್ಲಿ ಹಿಡಿಸಿ, ರಸಮಟ್ಟ ಇಟ್ಟು ಸಮ ಮಾಡಿ, ಎದುರಿನ ಗೋಡೆಯಲ್ಲಿ ತೂಗುಗುಂಡಿನ ದಾರ ಇಳಿಬಿಡುವುದು. ಸ್ಕೋಪಿನೊಳಗಿನ ನೆಟ್ಟಗಿನ ಗೆರೆ ಆ ದಾರದ ಮೇಲೆ ಸರಿಯಾಗಿ ಕೂರುವವರೆಗೆ ತಿರುಗಿಸಿ, ಉಂಗುರಗಳ ಸ್ಕ್ರೂಗಳನ್ನು ಆಚೆ ಈಚೆ ಸ್ವಲ್ಪ ಸ್ವಲ್ಪವೇ ಬಿಗಿಯುವುದು. ನಾನು ಕಣ್ಣಿಟ್ಟು ನೋಡಿದೆ. ಗೆರೆ ಮೇಲೆ ಸರಿಯಿತ್ತು, ಕೆಳಗೆ ಸರಿಯಿತ್ತು, ನಡುವಿನಲ್ಲಿ ಮಾತ್ರ ಬಾಗಿತ್ತು. ಗಾಜಿನ ದೋಷ ಎಂದು ಅದನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಅದೇ ಪೆಟ್ಟಿಗೆಯ ಇನ್ನೊಂದು ತೆಗೆದೆ. ಅದೂ ಹಾಗೇ. ನಮ್ಮ ಮ್ಯಾನೇಜರ್ ಅಲೆಕ್ಸಾಂಡರ್ ಗೊತ್ತಲ್ಲ, ಶಿರ್ವದವರು, ನನ್ನ ಮಾತಿನ ಮೇಲೆ ಪೂರ್ತಿ ನಂಬಿಕೆ. ಕೂಡಲೇ ಸ್ಕೋಪು ತರಿಸಿಕೊಡುವವರಿಗೆ ದುಬೈಗೆ ಮೇಲ್ ಕಳುಹಿಸಿದರು. ಎರಡು ಸ್ಕೋಪು ಹಾಳು, ಪೆಟ್ಟಿಗೆ ಎಲ್ಲೋ ಬಿದ್ದಿರಬೇಕು ಎಂದು. ನಾನು ಮೂರನೆಯದನ್ನು ಬೇರೆ ಕಂಪನಿಯದ್ದು ತೆಗೆದು ನೋಡಿದೆ. ಗೆರೆ ಅಲ್ಲಿಯೂ ಬಾಗಿತ್ತು.

ಅಬು ರಾಶಿದ್ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಎದ್ದು ಬಂದು ತಾವೇ ನೋಡಿದರು. "ಸೀದಾ ಹೈ. ಬಿಲ್ಕುಲ್ ಸೀದಾ" ಎಂದರು. ನಾನು ನಕ್ಕೆ. ಮೊದಲನೆಯದನ್ನೂ ತೋರಿಸಿದೆ. ಅದೂ ಸೀದಾ. ಹಿಂದಿನ ಕೋಣೆಗೆ ಹೋಗಿ ಎಡಗಣ್ಣು ಮುಚ್ಚಿ ಬಾಗಿಲಿನ ಚೌಕಟ್ಟನ್ನು ನೋಡಿದೆ. ಚೌಕಟ್ಟೂ ನಡುವಿನಲ್ಲಿ ಬಾಗಿತ್ತು. ಬಲಗಣ್ಣು ಮುಚ್ಚಿ ನೋಡಿದರೆ ನೆಟ್ಟಗೆ. ಕನ್ನಡಕದಂಗಡಿಯಲ್ಲಿ ಇಂಥವರನ್ನು ನಾನೇ ಎಷ್ಟು ಜನರನ್ನು ದೊಡ್ಡಾಸ್ಪತ್ರೆಗೆ ಕಳುಹಿಸಿದ್ದೇನೆ. ಚೌಕುಳಿ ಹಾಳೆ ಹಿಡಿದು, ಗೆರೆ ಹೇಗೆ ಕಾಣುತ್ತದೆ ಎಂದು ಕೇಳುತ್ತಿದ್ದವಳು ನಾನು. ಇದು ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊರಗೆ ಬಂದು, ಯಾರಿಗೂ ಏನೂ ಹೇಳದೆ, ಎಡಗಣ್ಣಿನಲ್ಲೇ ನೋಡಿ ಮೊದಲನೆಯ ಸ್ಕೋಪನ್ನೇ ಕೂರಿಸಿದೆ. ಸರಳು ತಳ್ಳುವಾಗ ಕೈಗೆ ಅಡ್ಡ ಬರುವುದಿಲ್ಲ ಎಂದು ನೋಡಿಕೊಂಡೆ, ಅವರು ಕೋವಿ ಹೆಗಲಿಗಿಟ್ಟಾಗ ಕಣ್ಣಿಗೂ ಗಾಜಿಗೂ ನಾಲ್ಕು ಬೆರಳು ಅಂತರ ಬಿಟ್ಟೆ. ಕೈ ತನ್ನ ಕೆಲಸ ಮಾಡಿತು. ತಲೆ ಎಲ್ಲಿತ್ತೋ.

ಮನೆಗೆ ಬಂದು ಅಡುಗೆಮನೆಯ ಟೈಲ್ಸ್ ನೋಡುತ್ತ ನಿಂತಿದ್ದೆ. ತೃಷಾಳನ್ನು ಕರೆದು ಆ ಗೆರೆ ನೆಟ್ಟಗಿದೆಯಾ ಎಂದು ಕೇಳಿದೆ. "ಆಫ್ ಕೋರ್ಸ್ ಇಟ್ಸ್ ಸ್ಟ್ರೇಟ್, ಮಮ್ಮಾ. ವೈ?" ಎಂದಳು. ಏನಿಲ್ಲ ಎಂದೆ. ಬಸ್ಸಿನ ಕಿಟಕಿ, ಕಟ್ಟಡಗಳ ಅಂಚು, ದೀಪದ ಕಂಬ, ಕಂಡಲ್ಲೆಲ್ಲ ಒಂದು ಕಣ್ಣು ಮುಚ್ಚಿ ನೋಡುವುದೇ ಒಂದು ಚಾಳಿಯಾಯಿತು. ಬಸ್ಸಿನಲ್ಲಿ ಎದುರು ಕೂತ ಹೆಂಗಸು, ನಾನು ಕಣ್ಣು ಹೊಡೆಯುತ್ತಿದ್ದೇನೆಂದು ತಿಳಿದು ಬೇರೆ ಸೀಟಿಗೆ ಹೋದಳು. ನಗಬೇಡಿ.

ಭಾನುವಾರ ಅಲೆಕ್ಸಾಂಡರರೂ ನಾನೂ ಅವರ ಕಾರಿನಲ್ಲಿ ಊರ ಹೊರಗಿನ ಶೂಟಿಂಗ್ ಕ್ಲಬ್ಬಿಗೆ ಹೋದೆವು, ಅಬು ರಾಶಿದ್ ಅಲ್ಲಿಗೇ ಬಂದರು. ಕೂರಿಸಿದ ಮೇಲೆ ಗುಂಡು ಎಲ್ಲಿಗೆ ಹೋಗುತ್ತದೆ ಎಂದು ಹೊಡೆದು ನೋಡಿ ಸರಿ ಮಾಡದಿದ್ದರೆ ಸ್ಕೋಪು ಇದ್ದೂ ಇಲ್ಲದ ಹಾಗೆ. ಹತ್ತಿರದ ಗುರಿಯಿಂದ ಶುರು ಮಾಡಿದೆವು. ಅಬು ರಾಶಿದ್ ಅವಸರವಿಲ್ಲದೆ ಮದ್ದು ಅಳೆದು ಸುರಿದು, ಗುಂಡು ಕೂರಿಸಿ, ಮರಳಿನ ಚೀಲದ ಮೇಲೆ ಕೋವಿ ಇಟ್ಟು ಹೊಡೆದರು. ಬಿಳಿ ಹೊಗೆ ಮುಚ್ಚಿಕೊಂಡು, ಚದುರಿದ ಮೇಲೆ ನೋಡಿದರೆ ಗುಂಡು ಎಡಕ್ಕೆ, ಕೆಳಗೆ ಬಿದ್ದಿತ್ತು. ಮೊದಲ ಗುಂಡು ಆಚೀಚೆ ಹೋಗುವುದು ಸಹಜವೇ, ಆದರೂ ನಾನೇ ಸೊಟ್ಟಗೆ ಕೂರಿಸಿದೆನೇ ಎಂಬ ಭಯ. ಪ್ರತಿ ಗುಂಡಿನ ನಂತರ ಬಟ್ಟೆ ತುಂಡಿನಿಂದ ನಳಿಗೆ ಒರೆಸಿದೆವು, ಇಲ್ಲದಿದ್ದರೆ ಮಸಿ ಕಟ್ಟಿ ಗುಂಡಿನ ದಾರಿ ಬದಲಾಗುತ್ತದೆ. ಸ್ಕೋಪಿನ ತಿರುಗುಣಿಯನ್ನು ಸ್ವಲ್ಪ ಬಲಕ್ಕೆ, ಸ್ವಲ್ಪ ಮೇಲಕ್ಕೆ ತಿರುಗಿಸಿದೆ. ಆಮೇಲೆ ಗುರಿಯನ್ನು ದೂರಕ್ಕೆ ಒಯ್ದೆವು. ಕೊನೆಯ ಮೂರು ಗುಂಡುಗಳು ಒಂದು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ ಬಿದ್ದವು. ಅವರು ನನ್ನ ತಲೆ ಮೇಲೆ ಕೈಯಿಟ್ಟರು. ನಂತರ ಮೆಲ್ಲಗೆ, "ಆವತ್ತು ಮೊದಲು ನೀನು ಬಲಗಣ್ಣಿನಲ್ಲಿ ನೋಡುತ್ತಿದ್ದೆ. ಈಗ ಎಡಗಣ್ಣು. ಯಾಕೆ?" ಎಂದರು. ಧೂಳು ಬಿದ್ದಿದೆ ಎಂದೆ. ಅವರು ಮತ್ತೆ ಕೇಳಲಿಲ್ಲ, ಆದರೆ ನಂಬಲೂ ಇಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅಲೆಕ್ಸಾಂಡರರಿಗೆ ದುಬೈಯಿಂದ ಫೋನು ಬಂತು. ರಾಸ್ ಅಲ್ ಖೋರಿನ ಗೋದಾಮಿನಲ್ಲಿ ಪೆಟ್ಟಿಗೆ ಇಳಿಸಿದವರು ಯಾರೆಂದು ವಿಚಾರಣೆ ಮಾಡಿದರಂತೆ. ಪೂವಪ್ಪ ಅಂತೆ, ನಮ್ಮ ಸುಳ್ಯ ಕಡೆಯವರು, ಮಕ್ಕಳೊಂದಿಗ. ಬೀಳಿಸಿಲ್ಲ ಎಂದು ಅವರು ಎಷ್ಟು ಹೇಳಿದರೂ ಕೇಳದೆ, ಕೆಲಸದಿಂದ ತೆಗೆದು ಊರಿಗೆ ಕಳುಹಿಸುವ ಮಾತಾಗಿದೆಯಂತೆ. ಅಲೆಕ್ಸಾಂಡರ್ ಫೋನಿಟ್ಟು, "ಪಾಪ, ಆದರೆ ಎಂತ ಮಾಡುವುದು" ಎಂದರು. ನಾನು ಸೀಟ್ ಬೆಲ್ಟು ಹಿಡಿದುಕೊಂಡು ಕೂತಿದ್ದೆ. ಹೇಳಿದರೆ ನನ್ನ ಕೆಲಸ, ಅದರೊಂದಿಗೆ ವೀಸಾ, ಅದರೊಂದಿಗೆ ತೃಷಾಳ ಶಾಲೆ. ಒಂದು ಸಿಗ್ನಲ್ ದಾಟುವವರೆಗೂ ಸುಮ್ಮನಿದ್ದೆ ಎಂಬುದನ್ನು ನಿಮಗೆ ಮುಚ್ಚಿಡುವುದಿಲ್ಲ. ಆಮೇಲೆ ಹೇಳಿದೆ. ಸ್ಕೋಪು ಹಾಳಾಗಿಲ್ಲ, ನನ್ನ ಕಣ್ಣು ಹಾಳಾಗಿದೆ, ಇವತ್ತು ಹೊಡೆದದ್ದು ಆ ಪೆಟ್ಟಿಗೆಯ ಸ್ಕೋಪಿನಲ್ಲೇ ಎಂದೆ.

ಅವರು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಇಳಿದು ಹೋದರು. ಬೈಯಲು ಮಾತು ಹುಡುಕುತ್ತಿದ್ದಾರೆ ಎಂದುಕೊಂಡೆ. ಎರಡು ಚಹಾ ತಂದು, ಒಂದನ್ನು ನನ್ನ ಕೈಗೆ ಕೊಟ್ಟು, "ಎಂತ ಮಾರಾಯ್ತಿ, ಇಷ್ಟು ದಿನ ಇದನ್ನು ಒಬ್ಬಳೇ ಹೊತ್ತುಕೊಂಡು ತಿರುಗಿದ್ದಾ?" ಎಂದರು. ಅಲ್ಲೇ ನಿಂತು ದುಬೈಗೆ ಫೋನು ಹಚ್ಚಿ, ತಪ್ಪು ನಮ್ಮ ಕಡೆಯದು, ಸ್ಕೋಪುಗಳು ಸರಿಯಿವೆ, ಆ ಮನುಷ್ಯನನ್ನು ಏನೂ ಮಾಡಬೇಡಿ ಎಂದು ಹೇಳಿದರು. ಆ ಕಡೆಯವರು ಸುಲಭದಲ್ಲಿ ಒಪ್ಪಲಿಲ್ಲ. ಮರುದಿನ ಅಲೆಕ್ಸಾಂಡರ್ ಇನ್ನೊಂದು ಸ್ಕೋಪನ್ನೂ ಕ್ಲಬ್ಬಿನಲ್ಲಿ ಹೊಡೆದು ನೋಡಿ, ಎರಡರ ಗುರಿಯ ಹಾಳೆಗಳನ್ನೂ ಹಿಡಿದು ರಾಸ್ ಅಲ್ ಖೋರಿಗೆ ತಾವೇ ಹೋಗಿ ಬಂದರು. ಪೂವಪ್ಪ ಈಗ ಮೊದಲಿನ ಹಾಗೇ ಕೆಲಸದಲ್ಲಿದ್ದಾರೆ. ನನ್ನೊಂದಿಗೆ ಫೋನಿನಲ್ಲಿ ಮಾತಾಡಿದರು. ನಾನು ತಪ್ಪಾಯಿತು ಎಂದರೆ, "ಅದು ಇರಲಿ ಅಕ್ಕಾ, ಕಣ್ಣು ತೋರಿಸಿದಿರಾ?" ಎಂದು ಅವರೇ ಕೇಳಿದರು.

ತೋರಿಸಿದೆ. ಪಕ್ಕದ ಕೋಣೆಯ ರೊಸಲಿನ್, ನರ್ಸು ಅಲ್ಲವಾ, ಅವಳು ರಜೆ ಹಾಕಿ ಎಳೆದುಕೊಂಡೇ ಹೋದಳು. ಕಣ್ಣಿನ ಹಿಂದಿನ ಪರದೆಯ ಕೆಳಗೆ ಹೊಸ ರಕ್ತನಾಳ ಹುಟ್ಟಿ ನೀರು ಒಸರುತ್ತಿದೆಯಂತೆ. ಚಿಕ್ಕಂದಿನಿಂದ ನನ್ನದು ದಪ್ಪ ಕನ್ನಡಕ, ಅಂಥವರಿಗೆ ಹೀಗಾಗುವುದುಂಟು. ಕಣ್ಣಿನೊಳಗೆ ಇಂಜೆಕ್ಷನ್ ಕೊಡುತ್ತಾರೆ, ಮಂಗಳವಾರ ಮೊದಲನೆಯದು. ಬಾಗಿದ್ದು ಪೂರ್ತಿ ನೆಟ್ಟಗಾಗದಿರಬಹುದು, ಇನ್ನಷ್ಟು ಕೆಡುವುದನ್ನು ತಡೆಯಬಹುದು ಎಂದರು. ಅಲ್ಲಿಯವರೆಗೆ ಅಲೆಕ್ಸಾಂಡರ್ ನನ್ನನ್ನು ಕೌಂಟರಿನಲ್ಲಿ ಕೂರಿಸಿದ್ದಾರೆ. ಮುಂದೆ ಏನು ಎಂದು ಅವರೂ ಹೇಳಿಲ್ಲ, ನಾನೂ ಕೇಳಿಲ್ಲ. ಅಬು ರಾಶಿದ್ ನಿನ್ನೆ ಬಂದು ಖರ್ಜೂರ ಕೊಟ್ಟು ಹೋದರು. ಮುಂದಿನ ವಾರ ಮಗನ ಹತ್ತಿರ ಹೊರಡುತ್ತಾರಂತೆ, ಮುಖ ಮದುಮಗನ ಹಾಗಿತ್ತು.

ನೀವು ಗಾಬರಿಪಡಬೇಡಿ. ಇಂಜೆಕ್ಷನ್ ಕ್ಷಣದಲ್ಲಿ ಮುಗಿಯುತ್ತದಂತೆ, ರೊಸಲಿನ್ ಜೊತೆಗಿರುತ್ತಾಳೆ, ತೃಷಾಳಿಗೂ ತಿಳಿಸಿದ್ದೇನೆ. ಅವಳು ಸ್ವಲ್ಪ ಅತ್ತು, ಈಗ ನನ್ನ ಔಷಧದ ಹೊತ್ತಿಗೆ ಮೊಬೈಲಿನಲ್ಲಿ ಅಲಾರಂ ಇಟ್ಟು ಯಜಮಾನಿಕೆ ಮಾಡುತ್ತಿದ್ದಾಳೆ. ನೀವು ಇದಕ್ಕಾಗಿ ಕೆಲಸ ಬಿಟ್ಟು ಬರುವ ಅಗತ್ಯವಿಲ್ಲ. ರೊಸಲಿನ್ ನಿಮಗೆ ನಮಸ್ಕಾರ ಹೇಳಿದ್ದಾಳೆ. ತೃಷಾ ಹಾಳೆಯ ಹಿಂದೆ ಏನೋ ಗೀಚಿದ್ದಾಳೆ, ಓದಬಾರದಂತೆ, ನಾನು ಓದಿಲ್ಲ. ಸಮುದ್ರ ನಿಮಗೆ ಶಾಂತವಾಗಿರಲಿ, ನಾವು ನಂಬಿದ ದೈವಗಳು ಕಾಯಲಿ.

ನಿಮ್ಮ
ವಾರಿಜ

ಮ.ವಿ.: ಹಸನಬ್ಬ ಕೆಳಗೆ ಹಾರ್ನು ಹಾಕುತ್ತಿದ್ದಾರೆ. ಬರುವ ಅಗತ್ಯವಿಲ್ಲ ಎಂದು ಬರೆದದ್ದನ್ನು ಹೊಡೆದುಹಾಕಲು ಹೊತ್ತಿಲ್ಲ. ರೊಸಲಿನ್ ಔಷಧ ತರಲು ಹೊರಗೆ ಹೋಗಿದ್ದಾಗ ಡಾಕ್ಟರು ಎಡಗಣ್ಣಿನ ಚಿತ್ರವನ್ನೂ ತೋರಿಸಿದರು. ಅಲ್ಲಿಯೂ ಶುರುವಾಗುವ ಗುರುತು ಇದೆಯಂತೆ. ಇದನ್ನು ಅವಳಿಗೂ ಹೇಳಿಲ್ಲ, ಮಗುವಿಗೂ ಹೇಳಿಲ್ಲ. ನಿಮಗೊಬ್ಬರಿಗೇ. ಫುಜೈರಾದಲ್ಲೇ ಇಳಿಯಲು ಬಿಡುತ್ತಾರಾ ಎಂದು ಕ್ಯಾಪ್ಟನರನ್ನು ಕೇಳಿ. ಇಳಿದು ಬನ್ನಿ.