ಮೂಗಿಗೆ ಬಿಟ್ಟ ಎಣ್ಣಿ

ಪಾಂಬನ್
ಸೆಪ್ಟೆಂಬರ್ ೧೮, ೨೦೨೫, ಗುರುವಾರ

ನನ್ನ ಬಂಗಾರ ಪ್ರತಿಮಾ,

ನಿನಗೂ ನಿನ್ನ ಹೊಟ್ಟಿಯಾಗಿನ ಕೂಸಿಗೂ ನಿಮ್ಮವ್ವ ಇಲ್ಲಿಂದಲೇ ಕೈಯೆತ್ತಿ ಒಳ್ಳೇದಾಗಲಿ ಅಂತಾಳ. ನನ್ನ ಸುದ್ದಿ ಮೊದಲ ಹೇಳಿಬಿಡ್ತೀನಿ. ನಾ ಆರಾಮ ಇಲ್ಲ, ಹಂಗಂತ ಜಡ್ಡೂ ಇಲ್ಲ. ದಣಿವು, ಅಷ್ಟ.

ನಿನ್ನೆ ನೀ ಆರು ಸಲ ಫೋನ್ ಮಾಡಿದಿ. ನಾ ಮೀಟಿಂಗಿನಾಗ ಅದೀನಿ ಅಂತ ಮೆಸೇಜ್ ಹಾಕಿದೆ. ಯಾವ ಮೀಟಿಂಗು, ಯಾವ ಸುಡುಗಾಡು! ಮಂಚದ ಮ್ಯಾಲ ಕುಂತು ಫೋನ್ ಅದುರೋದನ್ನ ನೋಡ್ಕೋತ ಇದ್ದೆ. ದಿನಾ ಎಂಟು ತಾಸು ಮಂದಿ ಮಾತು ಕೇಳೋದೇ ನನ್ನ ಕೆಲಸ. ಯಾರು ಇದ್ದದ್ದು ಇದ್ದಂಗ ಹೇಳ್ತಾರ, ಯಾರು ಮಾತು ನುಂಗ್ತಾರ ಅನ್ನೋದು ಎರಡು ಉಸಿರಿನಾಗ ತಿಳೀತೈತಿ. ನೀನೂ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ, ನನ್ನ ದನಿ ಕೇಳಿದ್ರ ಹಿಡಿದುಬಿಡ್ತಿ. ಅದಕ್ಕ ಕಾಗದ ಬರಿಯಾಕ ಕುಂತೀನಿ. ನಿಮ್ಮಪ್ಪಗ ಓದಾಕ ಕೊಡಬ್ಯಾಡ, ಮೊದಲ ನೀ ಓದು.

ಈ ಊರು ಸಣ್ಣದು. ಸುತ್ತ ನೀರು, ನಡುವ ಒಂದು ಬೀದಿ, ಬೀದಿ ತುದಿಗೆ ದೋಣಿ ನಿಲ್ಲೋ ಜಾಗ. ನನ್ನ ಕೋಣಿ ಮ್ಯಾಲಿನ ಮಾಳಿಗ್ಯಾಗ ಐತಿ. ಕಿಟಕಿ ತೆಗೆದ್ರ ಮೀನು ಹಿಡಿಯೋ ಬಲಿ ಒಣಹಾಕಿದ್ದು ಕಾಣ್ತೈತಿ, ಮೀನಿನ ವಾಸನಿ ನೆಟ್ಟಗ ಮೂಗಿಗೆ ಬರ್ತೈತಿ. ಲಿಂಗ ಕಟ್ಟಿದ ಮನಿಯಾಕಿ ಎಂಥಾ ಊರು ಹುಡುಕಿದ್ಯವ್ವಾ ಅಂತ ನೀ ನಗ್ತಿ. ನಗು. ಮೊದಲ ವಾರ ಮೂಗಿಗೆ ಸೆರಗು ಹಿಡಕೊಂಡೇ ಕಂಪ್ಯೂಟರ್ ಮುಂದ ಕುಂತಿದ್ದೆ, ಈಗ ರೂಢಿ ಆಗೈತಿ. ಮನಿ ಒಡತಿಗೆ ತಮಿಳು ಬಿಟ್ರ ಬೇರೆ ಬರಂಗಿಲ್ಲ. ನಾನು ಕನ್ನಡದಾಗ ಅರ್ಧ, ತೆಲುಗಿನಾಗ ಅರ್ಧ ಹೇಳ್ತೀನಿ, ಪಾಪ ಆಕಿ ಎಲ್ಲಾದಕ್ಕೂ ತೆಲಿ ಆಡಿಸಿ ಬಿಸಿನೀರು ತಂದಿಡ್ತಾಳ. ಇಂಟರ್ನೆಟ್ಟು ನಮ್ಮೂರು ಆದೋನಿಗಿಂತ ಛಲೋ ಐತಿ. ಒಂದು ತಪ್ಪು ಮಾಡಿದೆ, ಊರಿಂದ ಕಟಿ ರೊಟ್ಟಿ ಒಂದು ಗಂಟು ಕಟ್ಟಿಕೊಂಡು ಬಂದಿದ್ದೆ. ನಮ್ಮಲ್ಲಿ ತಿಂಗಳು ಇಟ್ರೂ ಚಟ್ ಅಂತ ಮುರೀತಾವಲ್ಲ, ಇಲ್ಲಿ ಮೂರನೇ ದಿನಕ್ಕ ಮೆತ್ತಗಾಗಿ ಬೂಸರು ಹಿಡಿದ್ವು. ಗುರೆಳ್ಳು ಪುಡಿ ಉಂಡಿಗಟ್ಟಿ ಕುಂತೈತಿ. ಈಗ ಅನ್ನ, ಮೊಸರು, ಮುಗೀತು.

ಇನ್ನ ನಿಜದ ಮಾತು. ಕಂಪನಿಯವರು ನನ್ನ ಇಲ್ಲಿಗೆ ಕಳಿಸಿಲ್ಲ. ಹೊಸ ಮಂದಿಗೆ ಕೆಲಸ ಕಲಿಸಬೇಕು, ಮೂರು ವಾರ ಅಂತ ನಾ ಹೇಳಿದ್ದು ಕಟ್ಟುಕಥಿ. ಸೋಮವಾರ ನಿಮ್ಮಪ್ಪಗ ಇನ್ನೊಂದು ತಿಂಗಳು ಮುಂದಕ್ಕ ಹಾಕ್ಯಾರ ಅಂತ ಹೇಳಿದ್ನೆಲ್ಲ, ಅದೂ ಸುಳ್ಳು. ನನ್ನ ಕೆಲಸ ಎಲ್ಲಿ ಕುಂತು ಮಾಡಿದ್ರೂ ಆಗೋದೇ. ಕೊರೋನಾ ವರ್ಷದಿಂದ ನಮ್ಮ ಮೂಲಿ ಕೋಣ್ಯಾಗ ಕುಂತೇ ಮಾಡಿಲ್ಲೇನು? ಮಂದಿ ಆರೋಗ್ಯದ ಸಲಹಾ ಕೇಳಾಕ ಫೋನ್ ಮಾಡ್ತಾರ, ಅವರಿಗೆ ಉತ್ತರ ಕೊಡೋ ಹುಡುಗೂರು ಬರೋಬ್ಬರಿ ಹೇಳಿದ್ರೋ ಇಲ್ಲೋ ಅಂತ ರೆಕಾರ್ಡ್ ಕೇಳಿ ಗುರುತು ಹಾಕೋದು. ಒಂದೇ ಮಾತಿನಾಗ ಕನ್ನಡ ತೆಲುಗು ಎರಡೂ ಕಲಸಿ ಆಡೋ ನಮ್ಮ ಕಡಿ ಮಂದಿ ಫೋನ್ ಎಲ್ಲಾ ನನ್ನ ಪಾಲಿಗೇ ಬರ್ತಾವ.

ಈ ಊರೇ ಯಾಕಂದ್ರ, ಮದುವಿ ಆದ ಹೊಸದಾಗಿ ನಿಮ್ಮಪ್ಪನ ಜೋಡಿ ರಾಮೇಶ್ವರಕ್ಕ ಹೋಗಾಗ ರೈಲು ಈ ಊರಿನ ಸೇತುವಿ ಮ್ಯಾಲ ಮೆಲ್ಲಕ ಬಂತು. ಕೆಳಗ ದೋಣಿ ನೋಡಿ, ಇಲ್ಲೇ ಇಳಿಯೋಣೇನ್ರೀ ಅಂದೆ. ಇಲ್ಲೇನೈತಿ ಅಂದ್ರು. ಈಗ ನೋಡಿನಿ, ಏನೂ ಇಲ್ಲ. ಆದ್ರ ಇಲ್ಲಿ ಯಾರೂ ನನ್ನ ಕೈಗುಣ ಛಲೋ ಐತಿ ಅನ್ನಂಗಿಲ್ಲ.

ನಿನಗ ಕುಬಸ ಮಾಡಿ ಮನಿಗೆ ಕರಕೊಂಡು ಬಂದ ಮರುದಿನ ನೀ ನನ್ನ ತೊಡಿ ಮ್ಯಾಲ ತೆಲಿ ಇಟ್ಟು, ಅವ್ವಾ, ಕೂಸಿಗೆ ನಿನ್ನ ಕೈಲೇ ನೀರು ಎರೀಬೇಕು, ಬ್ಯಾರೆಯವರಿಗೆ ಕೊಡಂಗಿಲ್ಲ ಅಂದಿ. ಕೊಂಡಮ್ಮ ಪಾತ್ರೆ ತಿಕ್ಕೋದು ಬಿಟ್ಟು ಬಂದು, ನನ್ನ ಕಡಿ ಕೈ ತೋರಿಸಿ, ಉಮಕ್ಕ ಎರದ್ರ ಕೂಸು ಎರಡೇ ತಿಂಗಳಿಗೆ ಕುತ್ತಿಗಿ ಎತ್ತತೈತಿ ಅಂತ ಹೊಗಳಿದಳು. ನಾನು ಸೊಂಟ ನೋವು ಅಂದೆ. ನನ್ನ ಸೊಂಟಕ್ಕ ಏನೂ ಆಗಿಲ್ಲ ಮಗಳ. ಹದಿನೆಂಟು ವರ್ಷದಿಂದ ಓಣ್ಯಾಗಿನ ಯಾರ ಕೂಸಿಗೂ ಎರಿಯಬಾರದು ಅಂತ ಹಿಡಕೊಂಡ ನೋವು ಅದು.

ಅದೇ ವಾರ ಒಂದು ರೆಕಾರ್ಡ್ ಕೇಳಿದೆ. ಆಕಿ ಯಾರು, ಎಲ್ಲಿಯಾಕಿ ಅಂತ ಹೇಳಬಾರದು, ಕೆಲಸದ ನೇಮ. ಮಾತು ಮಾತ್ರ ನಮ್ಮ ಕಡಿದು. ಇಪ್ಪತ್ತು ದಿನದ ಕೂಸು, ಕೆಮ್ಮು, ಎದಿ ಗುಬುಗುಬು ಅಂತೈತಿ ಅಂತ ಅಳಕೋತ ಹೇಳಿದಳು. ಫೋನ್ ಎತ್ತಿದ ನಮ್ಮ ಕಂಪನಿ ಹುಡುಗಿ ಕೇಳಿದಳು, ಮೂಗಿಗೆ ಎಣ್ಣಿ ಬಿಟ್ಟಿದ್ರೇನಮ್ಮಾ ಅಂತ. ಆಕಿ ಒಂದು ಚಣ ನಿಂದ್ರಲಿಲ್ಲ. ಹೌದ್ರೀ, ನಾನೇ ಬಿಟ್ಟೀನಿ, ಊದೀನಿ ಅಂದಳು. ನಮ್ಮ ಹುಡುಗಿ ಆಕೀನ ಬೈಯಲಿಲ್ಲ. ಈಗಿಂದೀಗ ದವಾಖಾನಿಗೆ ಹೋಗ್ರಿ, ಡಾಕ್ಟರಿಗೆ ಇದೇ ಮಾತು ಮೊದಲ ಹೇಳ್ರಿ ಅಂದಳು. ಆ ರೆಕಾರ್ಡಿಗೆ ಪೂರಾ ಮಾರ್ಕು ಹಾಕಿ, ಬಚ್ಚಲಕ್ಕ ಹೋಗಿ ನಲ್ಲಿ ಬಿಟ್ಟು ಅತ್ತೆ. ನೀ ಹೊರಗ ನಿಂತು ಅವ್ವಾ ಏನಾತು ಅಂದಿ. ಉಳ್ಳಾಗಡ್ಡಿ ಅಂದೆ. ಉಳ್ಳಾಗಡ್ಡಿ ಹೆಚ್ಚಿದ್ದು ಕೊಂಡಮ್ಮ.

ಪ್ರತಿಮಾ, ಮಹಾಲಕ್ಷ್ಮಿ ಅತ್ತಿ ಮೊದಲನೇ ಕೂಸು ನಿನಗ ನೆನಪೈತೋ ಇಲ್ಲೋ. ನಿನಗ ಆಗ ಆರು ವರ್ಷ. ನಿಮ್ಮಪ್ಪನ ಒಬ್ಬಾಕಿ ತಂಗಿ, ತಾಯಿ ಇಲ್ಲದಾಕಿ. ಗಂಡನ ಊರು ಕೌತಾಳಂನಿಂದ ಚೊಚ್ಚಿಲ ಬಾಣಂತನಕ್ಕ ನಮ್ಮ ಮನಿಗೆ ಬಂದಿದ್ದಳು. ಅತ್ತಿಗೆಮ್ಮ, ನೀನೇ ನನಗ ತಾಯಿ ಅಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ಮೂಗು ಮಾತ್ರ ನಿಮ್ಮಪ್ಪಂದು, ಉಳದದ್ದೆಲ್ಲಾ ಆಕೀದೇ. ದಿನಾ ನಾನೇ ಎರೀತಿದ್ದೆ. ಕಾಲು ಚಾಚಿ ಕುಂತು, ಮೊಣಕಾಲ ಮ್ಯಾಲ ಹಾಕ್ಕೊಂಡು, ಬಿಸಿ ಬಿಸಿ ನೀರು. ಏಳನೇ ದಿನ ಹಿರಿಯರು ಮಾಡಿದಂಗ ಬೆಚ್ಚಗಿನ ಹರಳೆಣ್ಣಿ ಎರಡು ಹನಿ ಮೂಗಿಗೆ ಬಿಟ್ಟು ಊದಿದೆ, ಉಸಿರು ಸಾಫ್ ಆಗಲಿ ಅಂತ. ನಿನಗೂ ಹಂಗ ಮಾಡಿದ್ರು ನಮ್ಮವ್ವ. ಕೂಸಿಗೆ ನೆತ್ತಿ ಹತ್ತಿತು. ಮುಖ ಕೆಂಪಾಗಿ ಒಂದು ಗಳಿಗಿ ಉಸಿರೇ ಬಿಡಲಿಲ್ಲ. ಬೆನ್ನು ತಟ್ಟಿದೆ, ಅತ್ತಿತು. ಅತ್ತಿತಲ್ಲ, ಅಂದ್ರ ಆತು ಅಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಅವತ್ತೇ ಸಂಜಿ ಕೆಮ್ಮು ಶುರುವಾತು. ಲೋಬಾನ ಹಾಕಿದೆ, ಬಜಿ ಬೇರು ತೇಯ್ದು ಹಚ್ಚಿದೆ. ನಾಲ್ಕನೇ ದಿನಕ್ಕ ಪಕ್ಕೆ ಬಡಕೋತಿದ್ವು, ಕರ್ನೂಲಿಗೆ ಒಯ್ದಿವಿ. ಅಲ್ಲಿ ಡಾಕ್ಟರಮ್ಮ ತೆಲುಗಿನಾಗ ಕೇಳಿದಳು, ಕೂಸಿನ ಮೂಗಿಗೋ ಬಾಯಿಗೋ ಎಣ್ಣಿ ಏನಾರ ಹಾಕಿದ್ರೇನು, ಅಂಜಬ್ಯಾಡ್ರಿ, ಹೇಳಿದ್ರ ನಮಗ ಔಷಧ ಮಾಡಾಕ ಅನುಕೂಲ ಆಗತೈತಿ ಅಂತ. ನಿಮ್ಮಪ್ಪ ನನ್ನ ಮುಖ ನೋಡಿದ್ರು. ಮಹಾಲಕ್ಷ್ಮಿ ನೋಡಿದಳು. ನಾನು ಲೇದಂಡಿ, ಇಲ್ರೀ ಅಂದೆ. ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆಯೂ ಲೇದು ಅಂದೆ.

ಮೂರನೇ ದಿನ ಕೂಸು ಹೋತು. ನಾ ಹೌದು ಅಂದಿದ್ರ ಉಳೀತಿತ್ತೋ ಏನೋ, ನನಗ ತಿಳೀದು. ಈ ಒಂದು ಮಾತು ಹದಿನೆಂಟು ವರ್ಷ ನನ್ನ ಜೋಡಿ ಎದ್ದೈತಿ, ನನ್ನ ಜೋಡಿ ಮಲಗೈತಿ. ಸಾಕಾಗೈತಿ ಮಗಳ.

ಇದಕ್ಕಿಂತ ಕೆಟ್ಟದ್ದು ಇನ್ನೊಂದೈತಿ. ಮನಿಗೆ ಬಂದ ಮಂದಿ ಕಾರಣ ಹುಡುಕಿದ್ರು. ಕೂಸಿಗೆ ಹತ್ತು ದಿನ ತುಂಬಿದಾಗ ಮಹಾಲಕ್ಷ್ಮಿ ಆಸಿ ತಡೀಲಾರದ ಒಂದು ಸೀತಾಫಲ ತಿಂದಿದ್ದಳು. ಬೀಜ ಕಸದಾಗ ಸಿಕ್ಕವು. ಬಾಣಂತಿ ತಂಪು ತಿಂದಳು, ಮೊಲಿಹಾಲಿನಾಗ ಶೀತ ಇಳೀತು, ಕೂಸನ್ನ ತಾನೇ ತಿಂದಳು ಅಂದ್ರು. ಆಕಿ ಎದುರಿಗೇ ಅಂದ್ರು. ಆಕಿ ಹೌದು, ನಾನೇ ತಿಂದೆ ಅಂತ ತೆಲಿ ಬಡಕೊಂಡು ಅತ್ತಳು. ನಾ ಆಕಿ ತೆಲಿ ಹಿಡಕೊಂಡು ಸಮಾಧಾನ ಮಾಡಿದೆ. ನೋಡು ನಿಮ್ಮವ್ವನ ಧೈರ್ಯ! ಸಮಾಧಾನ ಮಾಡಿದೆ, ಆದ್ರ ಬಾಯಿ ಬಿಡಲಿಲ್ಲ. ಮುಂದ ಮಗ ಹುಟ್ಟಿದಾಗ ಆಕಿ ಒಂದು ವರ್ಷ ಹಣ್ಣು, ಮೊಸರು ಮುಟ್ಟಲಿಲ್ಲ. ಈಗಲೂ ಹಬ್ಬಕ್ಕ ಬಂದ್ರ ಅತ್ತಿಗೆಮ್ಮ ಅಂತ ಕಾಲು ಮುಟ್ಟತಾಳ. ಆಕಿ ಬಗ್ಗಿದಾಗೆಲ್ಲಾ ನನಗ ನಾಚಿಕಿ ಆಗತೈತಿ.

ಇದಕ್ಕೇ ನೋಡು, ನಾ ಓಡಿ ಬಂದದ್ದು. ಇಲ್ಲಿ ಬಂದು ಕುಂತ್ರೂ ಅದೇ ದನಿ. ಗಾಳಿ ಜೋರಾಗಿ ದೋಣಿ ಹೋಗದ ದಿನ ಇಲ್ಲಿ ಹೆಣ್ಣುಮಕ್ಕಳು ದಂಡಿಗೆ ಕುಂತು ಬಲಿ ಹೊಲೀತಾರ, ನಾನೂ ಕೆಲಸ ಮುಗಿಸಿ ಅವರ ಬಾಜೂಕ ಕುಂಡರ್ತೀನಿ. ಮೊನ್ನೆ ಒಬ್ಬಾಕಿ ತನ್ನ ಕೂಸನ್ನ ನನ್ನ ತೊಡಿಗೆ ಹಾಕಿ ನೀರು ತರಾಕ ಹೋದಳು. ಅದರ ಮೂಗು ಒರಸಾಕ ಕೈ ಚಾಚಿದೆ, ಒರಸಲಾರದ ಕೂಸನ್ನ ಇನ್ನೊಬ್ಬಾಕಿಗೆ ಕೊಟ್ಟು ಕೋಣಿಗೆ ಬಂದೆ. ಆಗ ತಿಳೀತು, ಎಷ್ಟು ದೂರ ಬಂದ್ರೂ ಕೈ ನನ್ನ ಜೋಡಿನೇ ಬರ್ತಾವ.

ನೀ ದವಾಖಾನ್ಯಾಗ ಹಡೀತಿ, ಅದಕ್ಕ ನನಗ ಫಿಕರ್ ಇಲ್ಲ. ಮನಿಗೆ ಬಂದ ಮ್ಯಾಲ ಯಾರೇ ಎರೀಲಿ, ಮೂಗಿಗೆ, ಕಿವಿಗೆ, ಬಾಯಿಗೆ ಎಣ್ಣಿ ಹನಿ ಬೀಳಬಾರದು. ಕೊಂಡಮ್ಮ ಹಟ ಮಾಡಿದ್ರ ಬೈದು ಕಳಿಸು. ಉಮಕ್ಕ ಹಂಗ ಮಾಡ್ತಿದ್ದಳು ಅಂದ್ರ, ಉಮಕ್ಕ ಹಂಗ ಮಾಡಿ ಒಂದು ಕೂಸು ಕಳದಾಳ ಅಂತ ಹೇಳು.

ಇದನ್ನ ಓದಿ ನಿನಗ ನಾ ಬೇಕೋ ಬ್ಯಾಡೋ ಹೇಳು. ಬ್ಯಾಡ ಅಂದ್ರ ನಿಮ್ಮತ್ತಿಮನಿಯವರನ್ನ ಕರಸು, ನಾ ಸಿಟ್ಟಾಗಂಗಿಲ್ಲ. ಬೇಕು ಅಂದ್ರ ಬರ್ತೀನಿ, ಆದ್ರ ಹೊಗಳಬ್ಯಾಡ, ಯಾರಿಗೂ ಹೊಗಳಾಕ ಬಿಡಬ್ಯಾಡ. ಮಹಾಲಕ್ಷ್ಮಿಗೂ ಹೇಳ್ತೀನಿ. ಆಕಿ ನಂಬರ್ ತೆಗೆದು ಎರಡು ದಿನದಿಂದ ನೋಡಾಕತ್ತೀನಿ. ಹೊತ್ತಿಗೆ ಸರಿಯಾಗಿ ಉಣ್ಣು, ಕಾಲು ಬಾತಿದ್ರ ಡಾಕ್ಟರಿಗೆ ತೋರಿಸು. ನಿನ್ನ ಮ್ಯಾಲಿನ ಜೀವ ಸುಳ್ಳಲ್ಲ, ಅದೊಂದು ನಂಬು.

ನಿನ್ನ ಅಂಜುಬುರುಕಿ ಅವ್ವ,
ಉಮಾಮಹೇಶ್ವರಿ

ತಾ.ಕ. ಶನಿವಾರ. ಕಾಗದ ಇನ್ನೂ ಹಾಕಿರಲಿಲ್ಲ. ನಿನ್ನೆ ಮಧ್ಯಾಹ್ನ ಮಹಾಲಕ್ಷ್ಮಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಆಕಿ ಬೈಯಲಿಲ್ಲ, ಅಳಲಿಲ್ಲ. ಒಂದೇ ಕೇಳಿದಳು, ನಾ ಹಣ್ಣು ತಿನ್ನೋಕಿಂತ ಮೊದಲೇ ಕೆಮ್ಮು ಇತ್ತೇನು ಅಂತ. ಇತ್ತು, ಮೂರು ದಿನ ಮೊದಲೇ ಇತ್ತು ಅಂದೆ. ಫೋನ್ ಇಟ್ಟಳು. ಇವತ್ತು ಮುಂಜಾನಿ ನಿಮ್ಮಪ್ಪ ಫೋನ್ ಮಾಡಿದ್ರು. ಮಹಾಲಕ್ಷ್ಮಿ ಕೌತಾಳಂ ಮೊದಲನೇ ಬಸ್ಸಿಗೆ ಬ್ಯಾಗ್ ಸಮೇತ ನಮ್ಮ ಮನಿಗೆ ಬಂದಾಳಂತ, ಪ್ರತಿಮಾನ ಬಾಣಂತನ ನಂದು ಅಂದಾಳಂತ, ಯಾಕ ಅಂತ ಕೇಳಿದ್ರ ಉತ್ತರ ಕೊಡವಲ್ಲಳಂತ. ಆಕಿ ನಿನಗೂ ಹೇಳಂಗಿಲ್ಲ, ಅದಕ್ಕ ಈ ಕಾಗದ ಹರಿದು ಹಾಕದ ಕಳಸಾಕತ್ತೀನಿ. ನನಗ ಅಂತ ನಿಮ್ಮಪ್ಪನ ಕೈಲಿ ಒಂದು ಮಾತು ಹೇಳಿಸ್ಯಾಳ. ಅಡಿಗಿ ಮಾಡಾಕ ಬರಲಿ, ಕೂಸನ್ನ ಮುಟ್ಟೋದು ಬ್ಯಾಡ ಅಂತ. ನಾಳಿನ ರೈಲಿಗೆ ಟಿಕೀಟು ತಗೊಂಡೀನಿ.